ದೂರದ ಅಳತೆ, ಗಂಟೆಯ ಲೆಕ್ಕ: ವಿಮಾನ ಪ್ರಯಾಣದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣಕ್ಕೆ ನಾನು ನೇರ ವಿಮಾನದಲ್ಲಿ ಹೋಗುವವನಿದ್ದೇನೆ. ದೂರ ಎಷ್ಟೆಂದು ಹುಡುಕಿದರೆ 15,300 ಕಿ.ಮೀ. ಮೀರಿದ ಅಂಕಿ ಸಿಗುತ್ತದೆ, ಪಕ್ಕದಲ್ಲೇ ಪ್ರಯಾಣದ ಅವಧಿ 17 ಗಂಟೆ ಎಂದಿರುತ್ತದೆ. ಟಿಕೆಟ್‌ನಲ್ಲಿ ಅವಧಿ ಹದಿನೆಂಟೂವರೆ ಗಂಟೆ ಎಂದಿದೆ. ಅದೇ ಟಿಕೆಟ್‌ನಲ್ಲಿ ಹೊರಡುವುದು ರಾತ್ರಿ 11:30ಕ್ಕೆ, ತಲುಪುವುದು ಮರುದಿನ ಬೆಳಿಗ್ಗೆ 6ಕ್ಕೆ ಎಂದೂ ಇದೆ. ಅದನ್ನು ಎಣಿಸಿದರೆ ಆರೂವರೆ ಗಂಟೆಯಷ್ಟೇ ಆಗುತ್ತದೆ. ಇದರಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಯಾವುದೂ ತಪ್ಪಲ್ಲ. ಒಂದೊಂದು ಅಂಕಿಯೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಆ ಪ್ರಶ್ನೆ ಏನೆಂಬುದನ್ನು ಪಕ್ಕದಲ್ಲಿ ಬರೆಯದೆ ಇರುವುದರಿಂದಲೇ ನಿಮಗೆ ಗೊಂದಲವಾಗಿದೆ.

ಮೊದಲು ದೂರವನ್ನು ನೋಡೋಣ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವೆಂದು ಎಲ್ಲೆಡೆ ಕೊಡುವ ಅಂಕಿ ಯಾವುದೋ ವಿಮಾನ ಹಾರಿ ಅಳೆದದ್ದಲ್ಲ. ಎರಡೂ ಸ್ಥಳಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಇಟ್ಟುಕೊಂಡು, ಭೂಮಿಯ ಮೈಮೇಲೆ ಅವುಗಳನ್ನು ಕೂಡಿಸುವ ಅತಿ ಚಿಕ್ಕ ದಾರಿಯ ಉದ್ದವನ್ನು ಲೆಕ್ಕಹಾಕಿ ತೆಗೆದದ್ದು. ಭೂಮಿಯ ನಡುಬಿಂದುವನ್ನೇ ತನ್ನ ಕೇಂದ್ರವಾಗಿ ಉಳ್ಳ, ಭೂಮಿಯನ್ನು ಸರಿಯಾಗಿ ಎರಡು ಪಾಲು ಮಾಡುವ ವೃತ್ತಕ್ಕೆ ಮಹಾವೃತ್ತ ಎನ್ನುತ್ತಾರೆ. ಆ ವೃತ್ತದ ಒಂದು ತುಂಡೇ ಈ ದಾರಿ. ಸಾಮಾನ್ಯವಾಗಿ ಈ ಲೆಕ್ಕಕ್ಕೆ ತ್ರಿಕೋನಮಿತಿ ಬೇಕಾಗುತ್ತದೆ. ಆದರೆ ನಿಮ್ಮ ಜೋಡಿ ಎಂಥ ಅಪರೂಪದ್ದೆಂದರೆ ಅದಕ್ಕೆ ಕೂಡುವ, ಕಳೆಯುವ ಲೆಕ್ಕವೇ ಸಾಕು. ಚಾಂಗಿ ಇರುವುದು 104 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಕೆನಡಿ ನಿಲ್ದಾಣ ಇರುವುದು ಹತ್ತಿರ ಹತ್ತಿರ 74 ಡಿಗ್ರಿ ಪಶ್ಚಿಮದಲ್ಲಿ. ಎರಡನ್ನೂ ಕೂಡಿಸಿದರೆ 178 ಆಗುತ್ತದೆ, ಭೂಮಿಯ ಅರ್ಧ ಸುತ್ತು 180. ಅಂದರೆ ಈ ಎರಡು ಊರುಗಳು ಭೂಮಿಯ ಬೆನ್ನು ಮತ್ತು ಹೊಟ್ಟೆಯಂತೆ ಒಂದರ ಹಿಂದೆ ಒಂದಿವೆ, ಆದ್ದರಿಂದ ಅವುಗಳ ನಡುವಿನ ಅತಿ ಚಿಕ್ಕ ದಾರಿ ಉತ್ತರ ಧ್ರುವದ ಮಗ್ಗುಲಿನಿಂದಲೇ ಹಾದುಹೋಗಬೇಕು. ಸಿಂಗಪುರ ಸಮಭಾಜಕ ವೃತ್ತದಿಂದ 1.4 ಡಿಗ್ರಿ ಉತ್ತರಕ್ಕಿದೆ, ಅಲ್ಲಿಂದ ಧ್ರುವಕ್ಕೆ 88.6 ಡಿಗ್ರಿ. ಕೆನಡಿ ನಿಲ್ದಾಣ 40.6 ಡಿಗ್ರಿಯಲ್ಲಿದೆ, ಧ್ರುವದಿಂದ ಅಲ್ಲಿಗೆ 49.4 ಡಿಗ್ರಿ. ಒಟ್ಟು 138 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1,852 ಮೀಟರ್. ಗುಣಿಸಿ ನೋಡಿ: 8,280 ನಾಟಿಕಲ್ ಮೈಲಿ, ಅಂದರೆ ಸುಮಾರು 15,335 ಕಿ.ಮೀ. ನಿಮಗೆ ಸಿಕ್ಕ ಅಂಕಿ ಇದೇ.

ನನ್ನ ಮೇಜಿನ ಮೇಲಿರುವ ಗ್ಲೋಬಿನ ಮೇಲೆ ಈ ಎರಡು ಊರುಗಳ ನಡುವೆ ದಾರ ಬಿಗಿಹಿಡಿದು ನೋಡಿದೆ. ದಾರ ಪೆಸಿಫಿಕ್ ಸಾಗರದ ಕಡೆಗೂ ವಾಲಲಿಲ್ಲ, ಯುರೋಪಿನ ಕಡೆಗೂ ವಾಲಲಿಲ್ಲ. ಚೀನಾ ಮತ್ತು ಸೈಬೀರಿಯಾಗಳ ಮೇಲೆ ನೆಟ್ಟಗೆ ಏರಿ, ಗ್ಲೋಬನ್ನು ಅದರ ಚೌಕಟ್ಟಿಗೆ ಸಿಕ್ಕಿಸಿರುವ ಮೇಲ್ತುದಿಯ ಮೊಳೆಗೆ ತಗಲಿ ನಿಂತಿತು. ಗೋಡೆಯ ಮೇಲೆ ತೂಗುಹಾಕುವ ಚಪ್ಪಟೆ ನಕ್ಷೆಯಲ್ಲಿ ಇದು ಎಷ್ಟು ಹುಡುಕಿದರೂ ಕಾಣುವುದಿಲ್ಲ. 1569ರಲ್ಲಿ ಮರ್ಕೇಟರ್ ರಚಿಸಿದ ಮಾದರಿಯ ನಕ್ಷೆಯಲ್ಲಿ ಧ್ರುವವನ್ನು ತೋರಿಸಲು ಸಾಧ್ಯವೇ ಇಲ್ಲ, ಅದರ ಸುತ್ತಲಿನ ಪ್ರದೇಶ ಹಿಗ್ಗಿ ಹಿಗ್ಗಿ ಕಾಗದದ ಆಚೆ ಹೋಗಿಬಿಡುತ್ತದೆ. ಮಕ್ಕಳಿರುವ ಮನೆಯಲ್ಲಿ ಒಂದು ಗ್ಲೋಬು, ಒಂದು ಮೊಳ ದಾರ ಇದ್ದರೆ ಈ ವಿಷಯ ಹೇಳಿಕೊಡಲು ಇನ್ನೇನೂ ಬೇಡ.

ಆದರೆ ನಿಮ್ಮ ವಿಮಾನ ಆ ದಾರದ ಗುಂಟ ಹೋಗುತ್ತದೆ ಎಂದುಕೊಳ್ಳಬೇಡಿ. ನ್ಯೂಯಾರ್ಕ್‌ಗೆ ಹೋಗುವಾಗ ಅದು ಸಾಮಾನ್ಯವಾಗಿ ಪೂರ್ವಕ್ಕೆ ತಿರುಗಿ, ಉತ್ತರ ಪೆಸಿಫಿಕ್ ದಾಟಿ, ಉತ್ತರ ಅಮೆರಿಕಾವನ್ನು ಪ್ರವೇಶಿಸುತ್ತದೆ. ದಾರಿ ಉದ್ದವಾದರೂ ಬೆನ್ನ ಹಿಂದಿನಿಂದ ಗಾಳಿ ಸಿಗುತ್ತದೆ. ಅದರ ಮಾತು ಮುಂದಿನ ಉತ್ತರದಲ್ಲಿದೆ.

ಇನ್ನು 17 ಗಂಟೆ. ಇದು ಬರಿಯ ಭಾಗಾಕಾರ. 15,335ನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ 17 ಬರುತ್ತದೆ. ಆ 900 ಕೂಡ ಗಾಳಿಯಲ್ಲಿ ಬಂದದ್ದಲ್ಲ. ಸುಮಾರು 11 ಕಿ.ಮೀ. ಎತ್ತರದಲ್ಲಿ ಹೊರಗಿನ ಉಷ್ಣಾಂಶ ಸೊನ್ನೆಗಿಂತ 56 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ, ಅಷ್ಟು ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗ ಗಂಟೆಗೆ 1,060 ಕಿ.ಮೀ. ಆಸುಪಾಸು. ದೂರದ ಪ್ರಯಾಣದ ಇಂದಿನ ಜೆಟ್ ವಿಮಾನಗಳು ಶಬ್ದವೇಗದ ನೂರಕ್ಕೆ 85ರಷ್ಟರಲ್ಲಿ ಹಾರುತ್ತವೆ, ಅದೇ 900. ಅದಕ್ಕಿಂತ ವೇಗ ಹೆಚ್ಚಿಸಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕೆಲವು ಕಡೆ ಶಬ್ದವೇಗವನ್ನು ಜೋರಾಗಿ ಮೀರಿ ಆಘಾತ ಅಲೆಗಳೇಳುತ್ತವೆ, ಇಂಧನದ ಖರ್ಚು ಏರತೊಡಗುತ್ತದೆ.

ಟಿಕೆಟ್‌ನಲ್ಲಿ ಇರುವ ಹದಿನೆಂಟೂವರೆ ಗಂಟೆ ವಿಮಾನ ಗಾಳಿಯಲ್ಲಿರುವ ಹೊತ್ತಲ್ಲ. ಗೇಟಿನಲ್ಲಿ ನಿಂತ ವಿಮಾನದ ಚಕ್ರಗಳು ಉರುಳದಂತೆ ಅಡ್ಡಕೊಟ್ಟಿರುವ ದಿಮ್ಮಿಗಳನ್ನು ತೆಗೆದು ವಿಮಾನ ಅಲುಗಿದ ಕ್ಷಣದಿಂದ, ಇನ್ನೊಂದು ಊರಿನ ಗೇಟಿನಲ್ಲಿ ಅದು ಮತ್ತೆ ನಿಂತು ದಿಮ್ಮಿ ಕೊಡುವವರೆಗಿನ ಹೊತ್ತು ಅದು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ, ಆ ಬ್ಲಾಕ್ ಎಂದರೆ ಈ ದಿಮ್ಮಿಯೇ. ರನ್‌ವೇವರೆಗೆ ತೆವಳುವುದು, ಮುಂದಿನ ವಿಮಾನಗಳು ಏರುವವರೆಗೆ ಸರದಿಯಲ್ಲಿ ಕಾಯುವುದು, ನಿಧಾನವಾಗಿ ಮೇಲೇರುವುದು, ಇಳಿಯುವುದಕ್ಕೆ ಸುಮಾರು ಇನ್ನೂರು ಕಿ.ಮೀ. ಮುಂಚೆಯೇ ವೇಗ ತಗ್ಗಿಸತೊಡಗುವುದು, ಇಳಿದ ಮೇಲೆ ಗೇಟು ಹುಡುಕಿಕೊಂಡು ಹೋಗುವುದು, ಇವೆಲ್ಲ ಅದರಲ್ಲಿ ಸೇರಿವೆ. ಅದರ ಮೇಲೆ, ಹೇಳಿದ ಹೊತ್ತಿಗೆ ತಲುಪಿಸಬೇಕೆಂಬ ಕಾರಣಕ್ಕೆ ಕಂಪನಿಗಳು ತುಸು ಹೆಚ್ಚುವರಿ ನಿಮಿಷಗಳನ್ನೂ ಇಟ್ಟುಕೊಂಡಿರುತ್ತವೆ. ವಿಮಾನ ಬೇಗ ಬಂತೆಂದು ಘೋಷಣೆಯಾಗುವುದು ಅನೇಕ ಸಲ ಹೀಗೆ.

ಕೊನೆಯದು ಆರೂವರೆ ಗಂಟೆ. ಹೊರಡುವ ಹೊತ್ತು ಸಿಂಗಪುರದ ಗಡಿಯಾರದ್ದು, ತಲುಪುವ ಹೊತ್ತು ನ್ಯೂಯಾರ್ಕ್‌ನ ಗಡಿಯಾರದ್ದು. ಬೇಸಿಗೆಯ ತಿಂಗಳುಗಳಲ್ಲಿ ನ್ಯೂಯಾರ್ಕ್ ಸಿಂಗಪುರಕ್ಕಿಂತ 12 ಗಂಟೆ ಹಿಂದಿರುತ್ತದೆ. ಆರೂವರೆಗೆ ಆ 12ನ್ನು ಸೇರಿಸಿದರೆ ಹದಿನೆಂಟೂವರೆ.

ಪ್ರಶ್ನೆ: ಲಂಡನ್‌ನಿಂದ ನ್ಯೂಯಾರ್ಕ್‌ಗೆ ವೇಳಾಪಟ್ಟಿಯಲ್ಲಿ ಸುಮಾರು ಎಂಟು ಗಂಟೆ ಇದೆ, ನ್ಯೂಯಾರ್ಕ್‌ನಿಂದ ಲಂಡನ್‌ಗೆ ಏಳು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆಯಲ್ಲ, ಹಾಗಾದರೆ ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಊರೇ ಎದುರು ಬರುವುದರಿಂದ ಬೇಗ ತಲುಪಬೇಕಿತ್ತು. ಆಗುತ್ತಿರುವುದು ತಿರುಗಾಮುರುಗಾ ಏಕೆ?

ಉತ್ತರ: ಒಳ್ಳೆಯ ಪ್ರಶ್ನೆ, ಬಹಳ ಜನ ಒಳಗೊಳಗೇ ಕೇಳಿಕೊಂಡು ಸುಮ್ಮನಾಗುವ ಪ್ರಶ್ನೆಯೂ ಹೌದು. ಭೂಮಿಯ ಜೊತೆ ಅದರ ವಾಯುಮಂಡಲವೂ ತಿರುಗುತ್ತದೆ ಎಂಬುದನ್ನು ನೆನಪಿಟ್ಟರೆ ಅರ್ಧ ಉತ್ತರ ಸಿಕ್ಕಿತು. ಸಮಭಾಜಕ ವೃತ್ತದ ಬಳಿ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಗಾಳಿ ಜೊತೆಗೆ ಬರದೆ ಹಿಂದೆ ಉಳಿದಿದ್ದರೆ ಅಲ್ಲಿ ನಿಂತವರ ಮುಖಕ್ಕೆ ಅಷ್ಟೇ ವೇಗದ ಗಾಳಿ ಹೊಡೆಯಬೇಕಿತ್ತು. ವಿಮಾನ ಹಾರುವುದು ಗಾಳಿಯನ್ನು ಆಧರಿಸಿ. ಗೇಟಿನಲ್ಲಿ ನಿಂತಾಗಲೂ ಅದು ಭೂಮಿಯೊಡನೆ ತಿರುಗುತ್ತಿತ್ತು, ಮೇಲೇರಿದ ಮೇಲೂ ಆ ಗಾಳಿಯೊಳಗೇ ಇದೆ. ಊರು ಎದುರು ಬರುವುದಿಲ್ಲ.

ಆದರೂ ಭೂಮಿಯ ತಿರುಗುವಿಕೆಗೆ ಇದರಲ್ಲಿ ಒಂದು ಪಾತ್ರ ಇದೆ, ಸುತ್ತುದಾರಿಯಲ್ಲಿ. ಉಷ್ಣವಲಯದ ಬಿಸಿಗಾಳಿ ಧ್ರುವದ ಕಡೆ ಸರಿಯುವಾಗ, ಭೂಮಿ ತಿರುಗುತ್ತಿರುವ ಕಾರಣಕ್ಕೆ ಪೂರ್ವಕ್ಕೆ ಬಾಗುತ್ತದೆ. ಬಿಸಿಗಾಳಿ ಮತ್ತು ತಣ್ಣನೆಯ ಗಾಳಿ ಸಂಧಿಸುವ ಅಂಚಿನಲ್ಲಿ, ಹತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಯೇ ಆಗುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 300 ಕಿ.ಮೀ. ಮೀರುವುದುಂಟು. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಒಯಿಶಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲೆಂದು ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರು, ಹಾಗಾಗಿಯೇ ಜಗತ್ತಿನ ಗಮನಕ್ಕೆ ಅದು ಬರಲಿಲ್ಲ. ಎರಡು ದಶಕಗಳ ನಂತರ, 1944ರಲ್ಲಿ, ಜಪಾನಿನ ಮೇಲೆ ಬಹಳ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಒಬ್ಬರು ಶ್ರದ್ಧೆಯಿಂದ ಅಳೆದು ಬರೆದಿಟ್ಟದ್ದು ಓದುವವರಿಲ್ಲದೆ ಅಷ್ಟು ಕಾಲ ಬಿದ್ದಿತ್ತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಹರಿಯುವ ಹೊಳೆಯಲ್ಲಿ ದೋಣಿ ನಡೆಸಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ನೀರಿನ ಜೊತೆ ಹೋದರೆ ದಡ ಬೇಗ ಹಿಂದೆ ಸರಿಯುತ್ತದೆ, ಎದುರು ಹೋದರೆ ನಿಧಾನ. ಫೆಬ್ರವರಿ 2020ರಲ್ಲಿ ಅಟ್ಲಾಂಟಿಕ್ ಮೇಲೆ ಭಾರೀ ಬಿರುಗಾಳಿ ಇದ್ದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ಮೀರಿತ್ತು. ಅದು ಶಬ್ದವೇಗಕ್ಕಿಂತ ಹೆಚ್ಚಲ್ಲವೇ ಎಂದು ಕೇಳಬಹುದು. ಅಲ್ಲ. ತನ್ನ ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು, ಹೊಳೆಯೇ ರಭಸವಾಗಿತ್ತು.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಿ ಲೆಕ್ಕ ಸರಿಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ, ಅದೂ ಪೂರ್ತಿ ನಿಜವಲ್ಲ. ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಸುಮಾರು 5,540 ಕಿ.ಮೀ. ದೂರ. ವಿಮಾನದ ವೇಗ 900, ಗಾಳಿಯ ವೇಗ 100 ಎಂದಿಟ್ಟುಕೊಳ್ಳಿ. ಗಾಳಿಯ ಜೊತೆ 5 ಗಂಟೆ 32 ನಿಮಿಷ, ಗಾಳಿಗೆ ಎದುರಾಗಿ 6 ಗಂಟೆ 55 ನಿಮಿಷ, ಒಟ್ಟು 12 ಗಂಟೆ 27 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 12 ಗಂಟೆ 19 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಅನುಕೂಲದ ಗಾಳಿಯಲ್ಲಿ ಕಡಿಮೆ ಹೊತ್ತು. ಎಂಟು ನಿಮಿಷ ಹೋದದ್ದು ಹಾಗೆ. ಇದನ್ನು ತಪ್ಪಿಸಲೆಂದೇ ಉತ್ತರ ಅಟ್ಲಾಂಟಿಕ್ ಮೇಲಿನ ಹಾದಿಗಳನ್ನು ಪ್ರತಿದಿನ ಆ ದಿನದ ಗಾಳಿ ನೋಡಿ ಹೊಸದಾಗಿ ನಿಗದಿಪಡಿಸುತ್ತಾರೆ: ಪೂರ್ವಕ್ಕೆ ಹೋಗುವವರಿಗೆ ಹೊಳೆಯ ನಡುವೆ, ಪಶ್ಚಿಮಕ್ಕೆ ಹೋಗುವವರಿಗೆ ಅದರಿಂದ ದೂರ.

ದೂರ ಮತ್ತು ಸಮಯ ಒಂದೇ ಅಲ್ಲ ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ್ದು. ಏರ್ ಇಂಡಿಯಾ ಮೊದಲು ಈ ವಿಮಾನವನ್ನು ಯುರೋಪು ಮತ್ತು ಅಟ್ಲಾಂಟಿಕ್ ಮೇಲೆ ಹಾರಿಸುತ್ತಿತ್ತು, ದಾರಿ ಸುಮಾರು 13,900 ಕಿ.ಮೀ. ಅಕ್ಟೋಬರ್ 2016ರಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಕಳುಹಿಸಿತು, ದಾರಿ ಸುಮಾರು 15,300 ಕಿ.ಮೀ. ಆಯಿತು. ಸಾವಿರದ ನಾಲ್ಕುನೂರು ಕಿ.ಮೀ. ಹೆಚ್ಚು ಹಾರಿಯೂ ಆ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಹಳೆಯ ದಾರಿಗಿಂತ ಬೇಗನೆ ತಲುಪಿತು. ದೂರವನ್ನು 900ರಿಂದ ಭಾಗಿಸುತ್ತ ಕುಳಿತರೆ ಈ ಫಲಿತಾಂಶ ಎಂದಿಗೂ ಬರುವುದಿಲ್ಲ.

ಪ್ರಶ್ನೆ: ಹೆಲ್ಸಿಂಕಿಯಿಂದ ಟೋಕಿಯೊಗೆ ಹಿಂದೆ ಒಂಬತ್ತೂವರೆ ಗಂಟೆಯಲ್ಲಿ ಹೋಗಿದ್ದೆ. ಈಗ ಅದೇ ಪ್ರಯಾಣಕ್ಕೆ ಸುಮಾರು 13 ಗಂಟೆ ತೋರಿಸುತ್ತಿದೆ. ಊರುಗಳು ಅಲ್ಲೇ ಇವೆಯಲ್ಲ?

ಉತ್ತರ: ಊರುಗಳು ಅಲ್ಲೇ ಇವೆ, ನಡುವಿನ ಆಕಾಶ ಮುಚ್ಚಿದೆ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದ ಮೇಲೆ ಪೂರ್ಣ ಹಕ್ಕಿದೆ. 1944ರ ಶಿಕಾಗೊ ಒಪ್ಪಂದದ ಮೊದಲ ವಿಧಿಯೇ ಇದು. ಹೆಲ್ಸಿಂಕಿ–ಟೋಕಿಯೊ ನಡುವಿನ ಅತಿ ಚಿಕ್ಕ ದಾರಿ ಸುಮಾರು 7,800 ಕಿ.ಮೀ., ಅದರ ಬಹುಪಾಲು ರಷ್ಯಾದ ಮೇಲೆ ಹಾದುಹೋಗುತ್ತದೆ. ಫೆಬ್ರವರಿ 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಯುರೋಪಿನ ದೇಶಗಳು ರಷ್ಯಾದ ವಿಮಾನಗಳಿಗೆ, ರಷ್ಯಾ ಯುರೋಪಿನ ವಿಮಾನಗಳಿಗೆ ದಾರಿ ಮುಚ್ಚಿದವು. ಫಿನ್‌ಏರ್ ಎಂಬ ಫಿನ್ಲೆಂಡಿನ ವಿಮಾನ ಕಂಪನಿ ಅಂದಿನಿಂದ ಉತ್ತರ ಧ್ರುವದ ಮೇಲೆ ಹೋಗಿ ಅಲಾಸ್ಕಾದ ಪಕ್ಕದಿಂದ ದಕ್ಷಿಣಕ್ಕೆ ಹಾರಿ ಬರಬೇಕಾಗಿದೆ, ಇಲ್ಲವೇ ದಕ್ಷಿಣದಲ್ಲಿ ಮಧ್ಯ ಏಷ್ಯಾ ಸುತ್ತಿ ಬರಬೇಕಾಗಿದೆ.

ಇದು ಹೊಸದಲ್ಲ ಎಂಬುದನ್ನು ಹಳೆಯ ಪ್ರಯಾಣಿಕರು ಬಲ್ಲರು. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಹೆಚ್ಚಿನವರಿಗೆ ಮುಚ್ಚಿತ್ತು. 1957ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್‌ನಿಂದ ಟೋಕಿಯೊಗೆ ಧ್ರುವದ ದಾರಿಯಲ್ಲಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಕೊಂಡು ಹೋಗತೊಡಗಿತು. 1983ರಲ್ಲಿ ಫಿನ್‌ಏರ್ ತಾನೇ ಹೆಲ್ಸಿಂಕಿಯಿಂದ ಟೋಕಿಯೊಗೆ ಎಲ್ಲೂ ಇಳಿಯದೆ ಧ್ರುವದ ಮೇಲೆ ಹಾರಿತ್ತು, ಆಗಲೂ ಸುಮಾರು 13 ಗಂಟೆಯೇ ಹಿಡಿಯುತ್ತಿತ್ತು. ನಲವತ್ತು ವರ್ಷಗಳ ನಂತರ ಅದೇ ಕಂಪನಿ, ಅದೇ ದಾರಿ, ಅದೇ ಗಂಟೆ. ದೂರದ ಪಟ್ಟಿಯಲ್ಲಿ ಮಾತ್ರ ಇಂದಿಗೂ 7,800 ಕಿ.ಮೀ. ಎಂದೇ ಇದೆ.

ಪ್ರಶ್ನೆ: ಯಾವ ಎರಡು ನಿಲ್ದಾಣಗಳ ನಡುವೆಯಾದರೂ ಎಲ್ಲೂ ಇಳಿಯದೆ ಹಾರುವ ದಿನ ಬರುತ್ತದೆಯೇ?

ಉತ್ತರ: ಹತ್ತಿರ ಬಂದಿದ್ದೇವೆ. ಭೂಮಿಯ ಮೇಲೆ ಯಾವ ಎರಡು ಸ್ಥಳಗಳೂ ಒಂದರಿಂದೊಂದು ಸುಮಾರು 20,000 ಕಿ.ಮೀ.ಗಿಂತ ದೂರ ಇರಲಾರವು, ಅದು ಭೂಮಿಯ ಅರ್ಧ ಸುತ್ತಳತೆ. ಲಂಡನ್–ಸಿಡ್ನಿ ನಡುವೆ 17,000 ಕಿ.ಮೀ. 1947ರಲ್ಲಿ ಸಿಡ್ನಿಯಿಂದ ಲಂಡನ್‌ಗೆ ಹೊರಟ ಕ್ವಾಂಟಾಸ್ ವಿಮಾನ ದಾರಿಯಲ್ಲಿ ಹಲವು ಕಡೆ ಇಳಿಯುತ್ತ ನಾಲ್ಕು ದಿನ ತೆಗೆದುಕೊಂಡಿತ್ತು. ನವೆಂಬರ್ 2019ರಲ್ಲಿ ಅದೇ ಕಂಪನಿ ಪ್ರಯೋಗಕ್ಕೆಂದು ಲಂಡನ್‌ನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 19 ಗಂಟೆ 19 ನಿಮಿಷದಲ್ಲಿ ಹಾರಿತು. ಆದರೆ ಆ ಬೋಯಿಂಗ್ 787 ವಿಮಾನದಲ್ಲಿ ಇದ್ದವರು ಸುಮಾರು ಐವತ್ತು ಜನ.

ತೊಡಕಿರುವುದು ಅಲ್ಲಿಯೇ. ದೂರ ಹೆಚ್ಚಿದಂತೆ ಇಂಧನ ಹೆಚ್ಚು ಬೇಕು, ಆ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಬೇಕು. 2018ರಲ್ಲಿ ಸಿಂಗಪುರದಿಂದ ನ್ಯೂಯಾರ್ಕ್ ಪಕ್ಕದ ನೆವಾರ್ಕ್ ನಿಲ್ದಾಣಕ್ಕೆ ಹೋಗುವ ದಾರಿಗೆ ತಂದ, ಅತಿ ದೂರ ಹಾರಲೆಂದೇ ಮಾಡಿದ ಏರ್‌ಬಸ್ ಎ350-900 ಯುಎಲ್ಆರ್ ವಿಮಾನ 1,65,000 ಲೀಟರ್ ಇಂಧನ ಹಿಡಿಯುತ್ತದೆ. ಆ ಇಂಧನದ ತೂಕವೇ 130 ಟನ್ ಆಸುಪಾಸು. ಅದರಲ್ಲಿ ಇಟ್ಟ ಆಸನಗಳು 161 ಮಾತ್ರ, ಕಡಿಮೆ ದರದ ಸಾಮಾನ್ಯ ದರ್ಜೆಯೇ ಇರಲಿಲ್ಲ.

ಪ್ರಶ್ನೆ: ಒಂದೇ ಜೋಡಿ ನಿಲ್ದಾಣಗಳಿಗೆ ಬೇರೆ ಬೇರೆ ಕಡೆ ಹತ್ತಿಪ್ಪತ್ತು ಕಿ.ಮೀ. ವ್ಯತ್ಯಾಸ ಕಾಣುವುದು ಏಕೆ?

ಉತ್ತರ: ಭೂಮಿ ಪೂರ್ತಿ ಗುಂಡಗಿಲ್ಲ. ನಡುವಿನಿಂದ ಸಮಭಾಜಕ ವೃತ್ತಕ್ಕೆ 6,378 ಕಿ.ಮೀ., ಧ್ರುವಕ್ಕೆ 6,357. ಕೆಲವರು 6,371 ಎಂಬ ಸರಾಸರಿ ಹಿಡಿದು ಗುಂಡಗಿನ ಲೆಕ್ಕ ಮಾಡುತ್ತಾರೆ, ಕೆಲವರು ಚಪ್ಪಟೆಯನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ವ್ಯತ್ಯಾಸ ಶೇಕಡಾ ಅರ್ಧದೊಳಗೆ ಇರುತ್ತದೆ. ಪ್ರಯಾಣಿಕರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಮೊದಲ ಪ್ರಶ್ನೆಯಲ್ಲಿ ಬಂದ ಸಿಂಗಪುರ–ನ್ಯೂಯಾರ್ಕ್ ವಿಮಾನದಲ್ಲೇ ನನ್ನ ತಾಯಿ ಒಬ್ಬರೇ ಬರುತ್ತಿದ್ದಾರೆ. ಹನ್ನೆರಡು ಗಂಟೆಗೊಮ್ಮೆ, ಬೆಳಿಗ್ಗೆ 9 ಮತ್ತು ರಾತ್ರಿ 9ಕ್ಕೆ, ಅವರು ಒಂದು ಮಾತ್ರೆ ತೆಗೆದುಕೊಳ್ಳಬೇಕು. ದಿನ, ಗಂಟೆ ಎಲ್ಲ ಕಲಸಿಹೋಗುವ ಪ್ರಯಾಣದಲ್ಲಿ ಅವರು ಲೆಕ್ಕ ಇಡುವುದು ಹೇಗೆ?

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಮಾತ್ರೆಯ ಹೊತ್ತನ್ನು ಬದಲಿಸಬೇಕೇ ಎಂಬುದನ್ನು ಅವರ ವೈದ್ಯರೇ ಹೇಳಬೇಕು, ಹೊರಡುವ ಮುಂಚೆ ಟಿಕೆಟ್ ತೋರಿಸಿ ಕೇಳಿಬಿಡಿ. ಗಂಟೆಯ ಲೆಕ್ಕವನ್ನಷ್ಟೇ ನಾನು ಹೇಳಬಲ್ಲೆ. ತಾಯಿಯವರ ಕೈಗಡಿಯಾರ ಸಿಂಗಪುರದ ಸಮಯದಲ್ಲೇ ಇರಲಿ, ವಿಮಾನ ಇಳಿಯುವವರೆಗೆ ಅದನ್ನು ಮುಟ್ಟುವುದು ಬೇಡ. ಫೋನು ಇಳಿದ ಊರಿನ ಸಮಯಕ್ಕೆ ತಾನೇ ಬದಲಾಗುವುದರಿಂದ ಅದನ್ನು ನೆಚ್ಚಬಾರದು. ಮಾತ್ರೆಗಳು ಕೈಚೀಲದಲ್ಲಿರಲಿ.

ಹೊರಡುವ ದಿನ ರಾತ್ರಿ 9ಕ್ಕೆ, ವಿಮಾನ ಹತ್ತುವ ಮುಂಚೆ, ಒಂದು ಮಾತ್ರೆ. ವಿಮಾನ 11:30ಕ್ಕೆ ಹೊರಡುತ್ತದೆ. ಕೈಗಡಿಯಾರದಲ್ಲಿ ಬೆಳಿಗ್ಗೆ 9 ಆದಾಗ ಎರಡನೆಯದು. ಆಗ ಅವರು ಹಾರಾಟದ ಹತ್ತನೆಯ ಗಂಟೆಯಲ್ಲಿ ಇರುತ್ತಾರೆ, ಕಿಟಕಿಯ ಆಚೆ ಬೆಳಕಿದೆಯೋ ಕತ್ತಲಿದೆಯೋ ನೋಡಬೇಕಾಗಿಲ್ಲ. ಕೈಗಡಿಯಾರದಲ್ಲಿ ಸಂಜೆ 6 ಆದಾಗ ವಿಮಾನ ಇಳಿದಿರುತ್ತದೆ, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 6. ಮೂರನೆಯ ಮಾತ್ರೆಯ ಹೊತ್ತು ಕೈಗಡಿಯಾರದಲ್ಲಿ ರಾತ್ರಿ 9, ಗೋಡೆ ಗಡಿಯಾರದಲ್ಲಿ ಬೆಳಿಗ್ಗೆ 9. ಬೇಸಿಗೆಯಲ್ಲಿ ಎರಡೂ ಊರುಗಳ ನಡುವೆ ಸರಿಯಾಗಿ 12 ಗಂಟೆಯ ಅಂತರ ಇರುವುದರಿಂದ ಮುಳ್ಳುಗಳು ಇರುವಲ್ಲೇ ಇರುತ್ತವೆ, ಅವರು ಕೈಗಡಿಯಾರ ತಿರುಗಿಸಬೇಕಾದ ಪ್ರಮೇಯವೇ ಬರುವುದಿಲ್ಲ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೆಯ ಭಾನುವಾರದವರೆಗೆ ಅಂತರ 13 ಗಂಟೆ. ಆ ತಿಂಗಳುಗಳಲ್ಲಿ ಬಂದರೆ ನ್ಯೂಯಾರ್ಕ್‌ನ ಗಡಿಯಾರದಲ್ಲಿ ಮೂರನೆಯ ಮಾತ್ರೆಯ ಹೊತ್ತು ಬೆಳಿಗ್ಗೆ 8.